ಗುರ್ ಎನ್ನುವ ಕಂಪ್ಯೂಟರ್

ಮಕ್ಕಳೇ, ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಗುರ್ ಎಂದರೆ ಕರೆಂಟಿನ ವಯರ್ ಸಿಕ್ಕಿಸುವ ಕಡೆ ಕಿವಿಗೊಡಿ. ಅಲ್ಲೇ ಪವರ್ ಸಪ್ಲೈ, ಅದರೊಳಗೊಂದು ಫ್ಯಾನು. ಬೇರಿಂಗಿನ ಎಣ್ಣೆ ಆರಿ, ಧೂಳು ಕೂತರೆ ಸದ್ದು ಶುರು. ನಮ್ಮ ಹೊನ್ನಾವರ, ಭಟ್ಕಳದ ಕಡೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ.

"ಅಜ್ಜ, ನಾನೇ ಸ್ಕ್ರೂ ಬಿಚ್ಚಲಾ?" ಎಂದಳು ಮೊಮ್ಮಗಳು. ಬೇಡವೇ ಬೇಡ ಎಂದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಮುಟ್ಟಿದರೆ ಜೀವಕ್ಕೇ ಅಪಾಯ.

ಕುಮಟಾದ ರಿಪೇರಿಯವರು ಅಷ್ಟೇ ಅಳತೆಯ, 12 ವೋಲ್ಟಿನ ಹೊಸ ಫ್ಯಾನು ಹಾಕಿದರು, ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಸದ್ದು ಬೇಡವೆಂದು ಫ್ಯಾನಿನ ವಯರನ್ನೇ ಕತ್ತರಿಸುವ ಜಾಣರಿದ್ದಾರೆ! ಬಿಸಿ ಹೊರಹೋಗದೆ ಪವರ್ ಸಪ್ಲೈಯೇ ಸುಟ್ಟೀತು.

ನೀವು ಮಾಡಬಹುದಾದದ್ದು ಇಷ್ಟು: ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಗಾಳಿಯಾಡಲಿ.