ಎಲ್ಲ ನೀರಿಗೂ ಕಯಾಕ್ ಬೇಡ

ಸೆಮಿಸ್ಟರ್ ಪರೀಕ್ಷೆ ಮುಗಿದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ‘ಟೆಂಟ್ ಇದೆ, ಕ್ಯಾಮೆರಾ ಇದೆ, ಕಯಾಕ್ ಬಾಡಿಗೆಗೆ ತರೋಣ. ಯಾವ ಕೆರೆಗೆ ಹೋಗೋದು?’ ಮಳೆ ಚೆನ್ನಾಗಿ ಆದ ವರ್ಷ ಕಡೂರು, ತರೀಕೆರೆ, ಅಜ್ಜಂಪುರದ ನಮಗೆ ಆಯ್ಕೆಗೆ ಕೊರತೆಯಿಲ್ಲ. ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆ ಮದಗದಕೆರೆ, ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರು. ಹೆಚ್ಚು ವೋಟು ಬೀಳುವುದು ಭದ್ರಾಕ್ಕೇ. ಆದರೆ ಸ್ವಂತ ಕಯಾಕ್, ಟೆಂಟ್ ಹೊತ್ತು ಹೋಗಬಾರದ ಜಾಗವೂ ಅದೇ ಎಂಬುದು ನನ್ನ ಅಭಿಪ್ರಾಯ.

ಹಿನ್ನೀರಿಗೆ ಅಂಟಿಕೊಂಡೇ ಭದ್ರಾ ಅಭಯಾರಣ್ಯವಿದೆ. 1998ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೂ ಅನುಮತಿ ಬೇಕು. ದಡದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವ ಮಾತಂತೂ ದೂರ.

ಕಾನೂನಿಗಿಂತ ದೊಡ್ಡ ಕಾರಣ ಹಕ್ಕಿಗಳು. ಬೇಸಿಗೆಯಲ್ಲಿ ನೀರು ಇಳಿದಂತೆ ಹಿನ್ನೀರಿನ ನಡುವೆ ದಿಬ್ಬಗಳು ತಲೆ ಎತ್ತುತ್ತವೆ. ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗುಂಪುಗುಂಪಾಗಿ ಮರಿ ಮಾಡುತ್ತವೆ. ಇವಕ್ಕೆ ಕಡ್ಡಿ ಜೋಡಿಸಿದ ಗೂಡಿಲ್ಲ. ಬರಿ ನೆಲದ ಸಣ್ಣ ತಗ್ಗಿನಲ್ಲೇ ಮೊಟ್ಟೆ. ನಾವು ಹತ್ತಿರ ಹೋದರೆ ತಾಯಿ ಹಕ್ಕಿ ಹಾರುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ, ಹದ್ದಿನ ಪಾಲಾಗುತ್ತದೆ. ‘ಕಯಾಕ್‌ಗೆ ಎಂಜಿನ್ ಇಲ್ಲ, ಸದ್ದಿಲ್ಲ, ತೊಂದರೆ ಏನು?’ ಎನ್ನುತ್ತಾರೆ ಗೆಳೆಯರು. ಸದ್ದಿಲ್ಲ ನಿಜ. ಆದರೆ ದೊಡ್ಡ ದೋಣಿ ಹೋಗಲಾಗದ ಆಳವಿಲ್ಲದ ನೀರಿನಲ್ಲೂ ಅದು ದಿಬ್ಬದ ಅಂಚಿನವರೆಗೆ ಹೋಗಬಲ್ಲದು. ಅದೇ ತೊಂದರೆ.

ಸಫಾರಿ ದುಬಾರಿ ಎಂಬ ಮಾತು ಸುಳ್ಳಲ್ಲ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನ ದೋಣಿ ಸಫಾರಿ ಇದೆ, ಆದರೆ ವಿದ್ಯಾರ್ಥಿಯ ಜೇಬಿಗೆ ಅದು ಹೊರೆ. ಹಾಗಾದರೆ ವಿದ್ಯಾರ್ಥಿಗಳಿಗೆ ರಿಯಾಯಿತಿ ದರದ ದೋಣಿ ಕೊಡಿ ಎಂದು ಎಲ್ಲರೂ ಸೇರಿ ಕೇಳೋಣ. ಕದ್ದು ಕಯಾಕ್ ಇಳಿಸುವುದು ಅದಕ್ಕೆ ಉತ್ತರವಲ್ಲ.

ಅಲ್ಲಿಯವರೆಗೆ ನನ್ನ ವೋಟು ಊರ ಕೆರೆಗಳಿಗೆ. ಚಳಿಗಾಲದ ಬೆಳಿಗ್ಗೆ ಆರಕ್ಕೆ ದಡದಲ್ಲಿ ಮರವೊಂದರ ಮರೆಗೆ ಅಲ್ಲಾಡದೆ ಕುಳಿತರೆ ಮಿಂಚುಳ್ಳಿ, ನೀರುಕಾಗೆ, ಗುಳುಮುಳುಕಗಳು ತಾವಾಗಿಯೇ ಹತ್ತಿರ ಬರುತ್ತವೆ. ಬೆಳಕೂ ಮೆದುವಾಗಿರುತ್ತದೆ. ಕಯಾಕ್ ಬೇಕೇ ಬೇಕೆಂದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಕೆರೆ ಯಾವ ಇಲಾಖೆಯದೋ ಅಲ್ಲಿ ಒಪ್ಪಿಗೆ ಪಡೆಯಿರಿ. ಬಲೆ ಎಲ್ಲಿ ಬಿಟ್ಟಿದ್ದಾರೆ ಎಂದು ಮೀನು ಹಿಡಿಯುವವರನ್ನು ಕೇಳಿ. ಹರಿದ ಬಲೆ ಒಂದು ಮನೆಯ ಅಂದಿನ ದುಡಿಮೆ. ತೂಬು, ಕೋಡಿಯ ಹತ್ತಿರ ಸುಳಿಯಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಇರಲಿ.

ಕೆರೆ ಆರಿಸುವಾಗ ಮೂರು ಪ್ರಶ್ನೆ ಸಾಕು. ಯಾರ ಅನುಮತಿ ಬೇಕು? ಈಗ ಅಲ್ಲಿ ಹಕ್ಕಿಗಳು ಮರಿ ಮಾಡುವ ಕಾಲವೇ? ನೀರಿಗೆ ಇಳಿಯದೆಯೂ ಚಿತ್ರ ಸಿಗುತ್ತದೆಯೇ? ಮೂರನೆಯದಕ್ಕೆ ‘ಹೌದು’ ಎನ್ನುವ ಕೆರೆ ನಿಮ್ಮೂರಿನ ಪಕ್ಕದಲ್ಲೇ ಇದ್ದೀತು, ಒಮ್ಮೆ ಹೋಗಿ ನೋಡಿ.