ಆ ಒಂದು ಫೋಟೋ ಸಾಕೇ?

ಕೀತ್ ಎಲಿಸನ್ ಎಂಬ ಹೆಸರು ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಬರುವುದು ಒಂದೇ ಫೋಟೋದ ಜೊತೆ. 2007ರ ಜನವರಿ. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಕುರ್‌ಆನ್ ಮೇಲೆ ಕೈಯಿಟ್ಟು ನಿಂತಿದ್ದಾರೆ. ಕೆಳಗೆ ಸಾಲುಸಾಲು 'ಮಾಶಾ ಅಲ್ಲಾಹ್'. ನಾನೂ ಹಾಕಿದ್ದೇನೆ. ಅಲ್ಲಿಗೆ ನಮ್ಮ ಅಭಿಮಾನ ಮುಗಿಯಿತು. ನನ್ನ ತಕರಾರು ಇರುವುದು ಇಲ್ಲಿಯೇ.

ಆ ಫೋಟೋದ ಕಥೆಯನ್ನಾದರೂ ನಾವು ಪೂರ್ತಿ ಹೇಳುತ್ತೇವೆಯೇ? ವಲಸೆ ಕಾನೂನು ಬಿಗಿ ಮಾಡದಿದ್ದರೆ ಇನ್ನಷ್ಟು ಮುಸ್ಲಿಮರು ಆಯ್ಕೆಯಾಗಿ ಬಂದಾರು ಎಂದು ವರ್ಜೀನಿಯಾದ ಸಂಸದ ವರ್ಜಿಲ್ ಗೂಡ್ ಪತ್ರ ಬರೆದಿದ್ದರು. ಎಲಿಸನ್ ವಲಸೆ ಬಂದವರೇ ಅಲ್ಲ. ಡೆಟ್ರಾಯಿಟ್‌ನ ಕ್ಯಾಥೊಲಿಕ್ ಮನೆಯ ಮಗ, ಕಾಲೇಜಿನಲ್ಲಿದ್ದಾಗ ಇಸ್ಲಾಂ ಸ್ವೀಕರಿಸಿದವರು. ಅವರು ಬೈಗುಳಕ್ಕೆ ಬೈಗುಳ ಕೊಡಲಿಲ್ಲ. ಅದೇ ವರ್ಜೀನಿಯಾದವರಾದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸಂಗ್ರಹದಲ್ಲಿದ್ದ ಕುರ್‌ಆನ್ ಪ್ರತಿಯನ್ನು ತರಿಸಿಕೊಂಡರು. ಉತ್ತರ ಅಷ್ಟೇ.

ಫೋಟೋದಲ್ಲಿ ಕಾಣದ್ದು ಇನ್ನೂ ಇದೆ. ಸಂಸತ್ತಿಗೆ ಹೋಗುವ ಮೊದಲು ಅವರು ಮಿನಿಯಾಪೊಲಿಸ್‌ನಲ್ಲಿ ಬಡ ಆರೋಪಿಗಳ ಪರ ವಾದಿಸುವ ವಕೀಲರು. 2003ರಿಂದ ನಾಲ್ಕು ವರ್ಷ ಮಿನ್ನೆಸೋಟ ರಾಜ್ಯದ ಶಾಸಕರು. ಅವರಿಗೆ ವೋಟು ಹಾಕಿದವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ಕೆಲಸ ನೋಡಿ ಹಾಕಿದರು. ಹಿಂದೆ ನೇಷನ್ ಆಫ್ ಇಸ್ಲಾಂ ಪರ ಬರೆದಿದ್ದು ಚುನಾವಣೆಯ ಹೊತ್ತಿಗೆ ಎದ್ದು ಬಂದಾಗ, ಯೆಹೂದಿ ಸಮುದಾಯದವರಿಗೆ ಪತ್ರ ಬರೆದು ತಮ್ಮದು ತಪ್ಪು ಎಂದು ಒಪ್ಪಿಕೊಂಡರು. ನಮ್ಮ ಮುಖಂಡರಲ್ಲಿ ಎಷ್ಟು ಮಂದಿಗೆ ಆ ಎದೆಗಾರಿಕೆ ಇದೆ?

2018ರಲ್ಲಿ ಅವರು ಸಂಸತ್ತು ಬಿಟ್ಟು ಊರಿಗೆ ಮರಳಿ, ರಾಜ್ಯದ ಅಟಾರ್ನಿ ಜನರಲ್ ಸ್ಥಾನಕ್ಕೆ ನಿಂತು ಗೆದ್ದರು. ದೊಡ್ಡ ಕುರ್ಚಿಯಿಂದ ಸಣ್ಣ ಕುರ್ಚಿಗೆ ಇಳಿದರು ಎಂದು ನಮ್ಮವರು ಹೇಳಿಯಾರು. ಆ 'ಸಣ್ಣ' ಕುರ್ಚಿಯಲ್ಲಿ ಕುಳಿತೇ ಅವರು ಜಾರ್ಜ್ ಫ್ಲಾಯ್ಡ್ ಕೊಲೆ ಮೊಕದ್ದಮೆ ನಡೆಸಿದರು. 2021ರಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಚೌವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಫ್ಲಾಯ್ಡ್ ಮುಸ್ಲಿಂ ಆಗಿರಲಿಲ್ಲ. ನ್ಯಾಯಕ್ಕೆ ಅದು ಬೇಕಾಗಿಯೂ ಇರಲಿಲ್ಲ. 2024ರಲ್ಲಿ ಔಷಧ ಕಂಪನಿ ಎಲಿ ಲಿಲ್ಲಿಯೊಂದಿಗೆ ಒಪ್ಪಂದ ಮಾಡಿ, ಮಿನ್ನೆಸೋಟದವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್‌ಗೆ ಸಿಗುವಂತೆ ಮಾಡಿದರು. ಮನೆಯಲ್ಲಿ ಉಮ್ಮನಿಗೆ ದಿನಾ ಸೂಜಿ ಚುಚ್ಚುವವರಿಗೆ ಇದರ ಬೆಲೆ ಗೊತ್ತು.

ಆದರೆ ಇನ್ಸುಲಿನ್ ಸುದ್ದಿಯನ್ನು ನಮ್ಮ ಗುಂಪಿನಲ್ಲಿ ಯಾರೂ ಹಾಕಲಿಲ್ಲ.

'ಫೋಟೋ ನೋಡಿ ಮಕ್ಕಳಿಗೆ ಧೈರ್ಯ ಬರುತ್ತದಲ್ಲವೇ?' ಎಂದು ಕೇಳುತ್ತೀರಿ. ಬರುತ್ತದೆ, ಒಪ್ಪುತ್ತೇನೆ. ಆದರೆ 'ನಮ್ಮವ ಗೆದ್ದ' ಎಂಬಲ್ಲಿಗೆ ಮಾತು ನಿಲ್ಲಿಸಿದರೆ ಮಕ್ಕಳು ಕಲಿಯುವುದು ಚಪ್ಪಾಳೆ ತಟ್ಟುವುದನ್ನು ಮಾತ್ರ. ಗೆದ್ದವನು ಯಾರಿಗಾಗಿ ದುಡಿದ ಎಂದು ಕೇಳುವುದನ್ನೂ ಅವರಿಗೆ ಕಲಿಸಬೇಕು. ಮುಂದಿನ ಸಲ ಆ ಫೋಟೋ ಬಂದಾಗ ನಾನು 'ಮಾಶಾ ಅಲ್ಲಾಹ್' ಹಾಕುತ್ತೇನೆ, ಅದರ ಕೆಳಗೆ ಇನ್ಸುಲಿನ್ ಕಥೆಯನ್ನೂ ಹಾಕುತ್ತೇನೆ.