ಕೂಲಿ ಸೊನ್ನಿ ಅಂತ ಬರ್ದ ಲೆಕ್ಕಕ್ಕ ಲಾಭ ಅನಬ್ಯಾಡ್ರಿ

ಅಕ್ಕಾರ, ಚಿಗವ್ವಾರ, ಓಣ್ಯಾಗಿನ ಗೆಳತ್ಯಾರ, ಈ ಸಲ ಸ್ವಲ್ಪ ಜಗಳಾ ಮಾಡೋದೈತಿ. ಯಾರ ಕೂಡ ಅಂದ್ರ, ನಮ್ಮ ಮನ್ಯಾಗಿನ ಹುಡುಗ್ರ ಕೂಡ, ಮತ್ತ ಅವರ ಕೈಯಾಗಿನ ಫೋನಿನ ಕೂಡ. ಕೊನೀ ತನಕ ಓದ್ರಿ, ಆಮ್ಯಾಲ ಬೇಕಾದ್ರ ನನ್ನ ಕೂಡ ಜಗಳಾಡ್ರಿ.

ಹೊಸಪೇಟಿ, ಕಮಲಾಪುರ, ಕಂಪ್ಲಿ, ಸಂಡೂರು ಎಲ್ಲಿ ನೋಡಿದ್ರೂ ಮನ್ಯಾಗ ಕುಂತು ವ್ಯಾಪಾರ ಮಾಡೋ ಹೆಣ್ಮಕ್ಕಳು ಬಾಳ ಅದಾರ. ರೊಟ್ಟಿ ಬಡಿಯೋರು, ಶೇಂಗಾ ಚಟ್ನಿಪುಡಿ ಕುಟ್ಟೋರು, ಬ್ಲೌಸ್ ಹೊಲಿಯೋರು, ಹಂಪಿಗೆ ಬರೋ ಜನಕ್ಕ ಎರಡು ಖೋಲಿ ಬಾಡಿಗಿ ಕೊಡೋರು, ಮನಿ ಮುಂದಿನ ಖೋಲ್ಯಾಗ ಸಣ್ಣ ಕಿರಾಣಿ ಇಟ್ಕೊಂಡೋರು. ಸರ್ಕಾರದ ಪುಸ್ತಕದಾಗ ಇವರೆಲ್ಲಾ 'ಸೂಕ್ಷ್ಮ ಉದ್ಯಮ'. 2025ರ ಏಪ್ರಿಲ್ 1ರಿಂದ ವರ್ಷಕ್ಕ 10 ಕೋಟಿ ರೂಪಾಯಿ ವಹಿವಾಟು ಇರೋ ತನಕ ಸೂಕ್ಷ್ಮನ ಅಂತ ಅವರ ಲೆಕ್ಕ. ಅಂದ್ರ ಹತ್ತು ಕೋಟಿ ಸಾಹುಕಾರನೂ, ದಿನಾ ನೂರು ರೊಟ್ಟಿ ಬಡಿಯೋ ನಮ್ಮ ಅತ್ತಿಗಿನೂ ಒಂದ ಪಂಕ್ತ್ಯಾಗ ಊಟಕ್ಕ ಕುಂತಂಗ ಆತು. ಇರ್ಲಿ ಬಿಡ್ರಿ.

ಈ ಪಂಕ್ತಿಗೆ ಈಗ ಬಡಿಸೋರೂ ಹೊಸಬರು ಬಂದಾರ. ಖಾತಾಬುಕ್ ಅಂತ, ವ್ಯಾಪಾರ್ ಅಂತ, ದೊಡ್ಡ ಅಂಗಡಿಯೋರಿಗೆ ನಮ್ಮ ಬೆಂಗ್ಳೂರಿನ ಟ್ಯಾಲಿ ಅಂತ. ಮೊದ್ಲು ಇವು ಉದ್ರಿ ಬರ್ಕೊಳ್ಳಾಕ ಬಂದಿದ್ವು. ಈಗ ಹುಡುಗ್ರು ಲೆಕ್ಕ ಬರಿಯೋದು ಬಿಟ್ಟು ಬುದ್ಧಿ ಕೇಳಾಕ ಹತ್ತ್ಯಾರ. ಯಾವ ಮಾಲು ತರ್ಬೇಕು, ಯಾವ್ದು ಬಿಡ್ಬೇಕು, ರೇಟ್ ಏರಿಸ್ಬೇಕೋ ಇಳಿಸ್ಬೇಕೋ, ಸಾಲ ತಗೀಬೇಕೋ ಬ್ಯಾಡೋ. ಇದಕ್ಕ 'ಡಿಸಿಷನ್ ಸಪೋರ್ಟ್' ಅಂತಾರ. ನಿರ್ಧಾರಕ್ಕ ಆಸರಾ ಕೊಡೋದು ಅಂತ ತಿಳ್ಕೊಳ್ರಿ. ಗ್ವಾಡಿಗೆ ಆಸರಾ ಇಡ್ತೀವಲ್ಲ, ಹಂಗ. ಆಸರಾ ಇಡೋಕಿಂತ ಮೊದ್ಲು ಗ್ವಾಡಿ ಎಲ್ಲಿ ಬಾಗೈತಿ ಅಂತ ನೋಡ್ಬೇಕು ಅನ್ನೋದು ನಮ್ಮ ಹುಡುಗ್ರಿಗೆ ಗೊತ್ತಿಲ್ಲ.

ಈ ವಿದ್ಯಾ ಹುಟ್ಟಿದ ಕಥಿ ಚಂದೈತಿ. ಅಮೆರಿಕದಾಗ ಡ್ಯಾನ್ ಬ್ರಿಕ್ಲಿನ್ ಅನ್ನೋ ಹುಡುಗ ಹಾರ್ವರ್ಡಿನ್ಯಾಗ ವ್ಯಾಪಾರದ ಪಾಠ ಓದ್ತಿದ್ದ. ಮಾಸ್ತರು ಬೋರ್ಡಿನ ಮ್ಯಾಲೆ ಮನಿ ಕೊರ್ದು ಲೆಕ್ಕ ತುಂಬೋರು. ಒಂದು ಅಂಕಿ ಬದ್ಲಾದ್ರ ಅದಕ್ಕ ಹೊಂದಿದ್ದ ಅಂಕಿ ಎಲ್ಲಾ ಒರಿಸಿ ಮತ್ತ ಬರಿಬೇಕು. ಒಂದು ಮನಿ ತಿದ್ದಿದ್ರ ಉಳಿದ ಮನಿ ತಾವ ತಿದ್ಕೊಳ್ಳಂಗ ಮಾಡಿದ್ರ ಹೆಂಗ ಅಂತ ಅವನಿಗೆ ಅನಿಸ್ತು. ಬಾಬ್ ಫ್ರಾಂಕ್‌ಸ್ಟನ್ ಅನ್ನೋ ಗೆಳೆಯನ ಕೂಡಿ 1979ರಾಗ ವಿಸಿಕ್ಯಾಲ್ಕ್ ಅಂತ ತಂದ. ಇವತ್ತಿನ ಎಕ್ಸೆಲ್ಲಿಗೂ, ಫೋನಿನ ಲೆಕ್ಕದ ಆ್ಯಪಿಗೂ ಅದು ಮುತ್ತಜ್ಜಿ ಇದ್ದಂಗ. ಚೌಕಾಬಾರದ ಮನಿ ಇದ್ದಂಗ ಮನಿ ಇರ್ತಾವ, ಒಂದರಾಗ ಕಾಯಿ ಸರಿಸಿದ್ರ ಆಟನ ಬದ್ಲಾಗ್ತೈತಿ. 'ಜೋಳ ಐದು ರೂಪಾಯಿ ಏರಿದ್ರ ಏನಾಗ್ತೈತಿ' ಅಂತ ಕೇಳ್ರಿ, ಕಣ್ಣು ಮುಚ್ಚಿ ತಗಿಯೋದ್ರಾಗ ಹೇಳ್ತೈತಿ.

ಕೇಳಿದ್ದಕ್ಕ ಹೇಳ್ತೈತಿ. ಮನಿನ ಕೊರ್ದಿಲ್ಲ ಅಂದ್ರ ಅದರ ಬಗ್ಗೆ ಏನ್ ಹೇಳೀತು?

ನಮ್ಮ ಅತ್ತಿಗಿ ಮನಿ ಲೆಕ್ಕ ನೋಡ್ರಿ. ಅತ್ತಿಗಿ, ಅಕಿ ಸೊಸಿ ಇಬ್ರೂ ಬೆಳಿಗ್ಗೆ ಐದಕ್ಕ ಹಂಚು ಹಾಕಿದ್ರ ಒಂಬತ್ತಕ್ಕ ಇಳಸ್ತಾರ. ನೂರು ಜೋಳದ ರೊಟ್ಟಿ, ಮೂರು ಖಾನಾವಳಿಗೆ ಹೋಗ್ತಾವ. ಐದು ಕಿಲೋ ಹಿಟ್ಟು, ಜೋಳ ಬೀಸಿದ್ದು ಎಲ್ಲಾ ಸೇರಿ ಕಿಲೋಕ್ಕ 50ರಂಗ 250 ರೂಪಾಯಿ. ಗ್ಯಾಸು 60. ಕವರು, ಪೆಟ್ರೋಲು 40. ಒಟ್ಟು 350. ರೊಟ್ಟಿಗೆ ಏಳು ರೂಪಾಯಂಗ 700 ಬರ್ತೈತಿ. ಮಗ ಇದನ್ನ ಫೋನಿಗೆ ತುಂಬ್ದ. ಫೋನು ಹಸ್ರು ಬಣ್ಣದಾಗ ದಿನಕ್ಕ 350 ಲಾಭ ಅಂತ ತೋರಿಸ್ತು. ಇನ್ನೂರು ಬಡಿದ್ರ? 700 ಲಾಭ. 'ಅವ್ವಾ, ಇನ್ನೂರು ಬಡೀರಿ, ಡಬಲ್ ಆಗ್ತೈತಿ' ಅಂದ. ಅವನು ಕೆಟ್ಟ ಹುಡುಗ ಅಲ್ಲ. ಅವ್ವನ ಕೈಯಾಗ ನಾಲ್ಕು ಕಾಸು ಆಗ್ಲಿ ಅಂತನ ಹೇಳಿದ್ದು.

ಈಗ ಅವ ಬಿಟ್ಟ ಮನಿ ಕೊರೀರಿ. ಇಬ್ರು ನಾಲ್ಕು ನಾಲ್ಕು ತಾಸು, ಅಂದ್ರ ಎಂಟು ತಾಸು, ಒಂದಾಳಿನ ದಿನದ ದುಡಿಮಿ. ಜೋಳ ಹಸನು ಮಾಡೋದು, ಗಿರಣಿ ಮುಂದ ನಿಲ್ಲೋದು ಇದರಾಗ ಸೇರ್ಸಿಲ್ಲ. ಅದಕ್ಕ ಎಷ್ಟು ಹಾಕೋದು? ಬಾಳ ಬ್ಯಾಡ, 2025-26ರಾಗ ನಮ್ಮ ರಾಜ್ಯಕ್ಕ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ ಅಂತ ಗೊತ್ತು ಮಾಡಿದ್ರಲ್ಲ, ಅಷ್ಟ ಹಾಕ್ರಿ. 350ಕ್ಕ 370 ಕೂಡಿದ್ರ 720. ಬಂದಿದ್ದು 700. ಹಸ್ರು ಬಣ್ಣ ಹೋತು, ದಿನಕ್ಕ 20 ರೂಪಾಯಿ ಲುಕ್ಸಾನು. ಇನ್ನೂರು ಬಡಿದ್ರ 40. ಫೋನು ಡಬಲ್ ಮಾಡ್ರಿ ಅಂದಿದ್ದು ಇದನ್ನ.

'ಮನ್ಯಾಗಿನ ಕೆಲಸಕ್ಕ ಕೂಲಿ ಏನು' ಅಂತ ಕೇಳೋರು ಅದಾರ, ಅವರೊಳಗ ಹೆಂಗಸ್ರೂ ಅದಾರ. ಅದಕ್ಕ ನನ್ನ ಉತ್ತರ ಸೀದಾ ಐತಿ. ಅದ ರೊಟ್ಟಿ ತಲುಪ್ಸಾಕ ಒಬ್ಬ ಹುಡುಗನ್ನ ಇಟ್ಕೊಂಡ್ರ ಅವನಿಗೆ ಪಗಾರ ಕೊಡ್ತೀರಿ, ಲೆಕ್ಕದಾಗ ಬರೀತೀರಿ. ಹಂಚಿನ ಮುಂದ ಬೆವರು ಸುರಿಸೋಕಿಗೆ ಯಾಕ ಬರಿಯಂಗಿಲ್ಲ? ಮನಿಗೆ ಬಡಿಯೋ ಹತ್ತು ರೊಟ್ಟಿನೂ, ಮಾರೋ ನೂರು ರೊಟ್ಟಿನೂ ಒಂದ ಹಂಚಿನ ಮ್ಯಾಲೆ ಬೇಯ್ತಾವ, ಅದಕ್ಕ ಎರಡೂ ಪುಕ್ಕಟ ಅಂತ ಎಲ್ಲಾರಿಗೂ ಅನಿಸ್ಬಿಟ್ಟೈತಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷ್ಯಾಗ ಪಗಾರ ಇಲ್ಲದ ಮನಿಗೆಲಸ ಮಾಡೋ ಹೆಂಗಸ್ರು ದಿನಕ್ಕ ಸರಾಸರಿ 289 ನಿಮಿಷ ಅದರಾಗ ಕಳೀತಾರ, ಗಂಡಸ್ರು 88 ನಿಮಿಷ ಅಂತ ಬಂತು. ಆ 289ರ ಮ್ಯಾಲೆ ಇನ್ನ ನಾಲ್ಕು ತಾಸು ಮಾರೋ ರೊಟ್ಟಿದು ಹೇರಿದ್ರೂ ಯಾರ ಕಣ್ಣಿಗೂ ಕಾಣಂಗಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮುಂದೈತಿ, ಇದನ್ನ ಸ್ವಲ್ಪ ಲಕ್ಷ್ಯ ಕೊಟ್ಟು ಓದ್ರಿ. ಅತ್ತಿಗಿಗೆ ಒಂದು ರೊಟ್ಟಿ ಮಷಿನ್ ಬೇಕಾಗಿತ್ತು. ಭುಜ ಏಳವಲ್ದು ಪಾಪ. ಮಷಿನ್ನಿಗೆ 60,000 ಅಂತಿಟ್ಕೊಳ್ರಿ, ಕರೆಂಟು, ರಿಪೇರಿ ದಿನಕ್ಕ 35. ಅದು ಅರ್ಧ ಕೆಲಸ ಉಳಿಸ್ತೈತಿ. ಮಗ ಫೋನಿಗೆ ಕೇಳ್ದ. ಫೋನು ಬ್ಯಾಡ ಅಂತು. ಯಾಕಂದ್ರ ಅದರ ಲೆಕ್ಕದಾಗ ಕೂಲಿ ಸೊನ್ನಿ. ಸೊನ್ನಿಯೊಳಗ ಅರ್ಧ ಉಳಿಸಿದ್ರ ಎಷ್ಟು ಉಳೀತು? ಸೊನ್ನಿ. ಮ್ಯಾಲೆ 35 ರೂಪಾಯಿ ಖರ್ಚು ಬ್ಯಾರೆ. ಆ ಲೆಕ್ಕದಾಗ ಮಷಿನ್ ಏಳೇಳು ಜನ್ಮಕ್ಕೂ ತನ್ನ ದುಡ್ಡು ತಾ ತಿರುಗಿಸಂಗಿಲ್ಲ. ಕೂಲಿ 370 ಅಂತ ಬರ್ದು ಕೇಳ್ರಿ. ಅರ್ಧ ದಿನ ಅಂದ್ರ 185 ಉಳೀತು, 35 ಕಳದ್ರ 150. ನಾನೂರು ದಿನಕ್ಕ 60,000 ವಾಪಸ್. ಅದ ಫೋನು, ಅದ ಆ್ಯಪು, ಒಂದ ಒಂದು ಮನಿ ತುಂಬಿದ್ದಕ್ಕ 'ಎಂದೂ ಬ್ಯಾಡ' ಅಂದಿದ್ದು 'ಹದಿಮೂರು ತಿಂಗ್ಳಿನ್ಯಾಗ ಗಿಟ್ತೈತಿ' ಅಂತು.

ತಿಳೀತಿಲ್ಲ? ನಮ್ಮ ದುಡಿಮಿ ಸೊನ್ನಿ ಅಂತ ಬರ್ದ ಮನ್ಯಾಗ ಕೆಲಸ ಹೆಚ್ಚಿಸೋ ಸಲಹಾ ಯಾವಾಗ್ಲೂ ಪಾಸ್ ಆಗ್ತೈತಿ, ಕೆಲಸ ಇಳಿಸೋ ಸಾಮಾನು ಯಾವಾಗ್ಲೂ ಫೇಲ್. ಮೊದ್ಲಿಂದನೂ ಹಂಗ ಇತ್ತು. ಮಿಕ್ಸರು ಬೇಕು ಅಂದಾಗ 'ಒಳ್ಳು ಐತಲ್ಲ' ಅಂದ ಬಾಯಿಗೂ ಈ ಫೋನಿಗೂ ಏನ್ ಫರಕು? ಒಂದ ಫರಕು, ಆ ಬಾಯಿಗೆ ಎದುರು ಮಾತಾಡ್ತಿದ್ವಿ. ಫೋನು ಹೇಳಿದ್ರ 'ಕಂಪ್ಯೂಟರ್ ಲೆಕ್ಕ' ಅಂತ ಸುಮ್ಮನಾಗ್ತೀವಿ.

ಸಂಡೂರಿನ ಕಡಿ ನೋಡ್ರಿ. ಅಲ್ಲಿ ಲಂಬಾಣಿ ಕಸೂತಿಗೆ ಜಿಐ ಮುದ್ರಿ ಐತಿ, 1984ರಿಂದ ಸಂಡೂರು ಕುಶಲ ಕಲಾ ಕೇಂದ್ರ ಐತಿ. 2023ರ ಜುಲೈದಾಗ ಹಂಪ್ಯಾಗ ಜಿ-20 ಸಭಿ ಆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಮಾಡಿದ 1755 ವಸ್ತು ಒಂದ ಕಡಿ ಇಟ್ಟು ಗಿನ್ನಿಸ್ ದಾಖಲಿ ಮಾಡಿದ್ರು. ಹೆಮ್ಮಿ ಪಡೋ ಮಾತು. ವಸ್ತು ಎಷ್ಟು ಅಂತ ಜಗತ್ತಿಗೇ ಗೊತ್ತಾತು. ಅವಕ್ಕ ಎಷ್ಟು ತಾಸು ಹಿಡೀತು ಅಂತ ಯಾವ ಬೋರ್ಡಿನ ಮ್ಯಾಲೆ ಬರ್ದಿದ್ರು ಹೇಳ್ರಿ? ಕಸೂತ್ಯಾಗ ಬಟ್ಟಿ, ದಾರ, ಕನ್ನಡಿ ಎಲ್ಲಾ ಸೇರಿದ್ರೂ ಸಣ್ಣ ರೊಕ್ಕ, ಬಾಕಿ ಎಲ್ಲಾ ಕೈ, ಕಣ್ಣು. ಆ ತಾಸು ಬಿಟ್ಟು ಲೆಕ್ಕ ಮಾಡಿದ್ರ ಪ್ಯಾಟಿಯೊಳಗ ಚೌಕಾಸಿ ಮಾಡೋರ ಬಾಯಿಗೆ ನಾವ ಸಕ್ಕರಿ ಹಾಕಿದಂಗ.

ಬರೀ ಕೂಲಿ ಒಂದ ಅಲ್ರಿ, ಊರಿನ ಸುದ್ದಿನೂ ಆ ಮನ್ಯಾಗ ಇರಂಗಿಲ್ಲ. ಡ್ಯಾಮಿನಿಂದ ನೀರು ಬಾಳ ಬಿಟ್ರ ಕಂಪ್ಲಿ ಸೇತುವಿ ಮುಳುಗ್ತೈತಿ, ಗಂಗಾವತಿ ಕಡಿ ಮಾಲು ಹೋಗಂಗಿಲ್ಲ. ಫೋನಿನ ಗೆರಿ ಕೆಳಗಿಳೀತೈತಿ, ಗಿರಾಕಿ ಕಮ್ಮಿ ಆದ್ರು, ರೇಟ್ ಇಳಿಸ್ರಿ ಅಂತೈತಿ. ಗಿರಾಕಿ ಎಲ್ಲೂ ಹೋಗಿಲ್ಲೋ ತಮ್ಮಾ, ಹೊಳಿ ಆ ಕಡಿ ಕುಂತಾರ. ಗಣಿ ಕಾಲ ನೆನಸ್ಕೊಳ್ರಿ. ಏರೋ ಗೆರಿ ಏರ್ತನ ಇರ್ತೈತಿ ಅಂತ ಹೊಸಪೇಟಿ, ಸಂಡೂರಿನ್ಯಾಗ ಸಾಲ ಮಾಡಿ ಟಿಪ್ಪರ್ ತಗೊಂಡ್ರು. 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದಾಗ ಗಣಿಗಾರ್ಕಿ ನಿಲ್ಸು ಅಂತು. ಲಾರಿ ನಿಂತ್ವು, ಕಂತು ನಿಲ್ಲಲಿಲ್ಲ, ಬಂಗಾರ ಬ್ಯಾಂಕಿಗೆ ಹೋದ್ವು. ಯಾರ ಬಂಗಾರ ಅಂತ ನಿಮಗ ಹೇಳೋದು ಬ್ಯಾಡ.

ಮತ್ತ 2025ರ ಜುಲೈದಾಗ ಏನಾತು? ಫೋನಿಗೆ ಬಂದ ದುಡ್ಡಿನ ಲೆಕ್ಕ ಹಿಡ್ಕೊಂಡು ರಾಜ್ಯದ ವಾಣಿಜ್ಯ ತೆರಿಗಿ ಇಲಾಖೆ ಸಣ್ಣ ಅಂಗಡಿಯೋರಿಗೆ ನೋಟಿಸ್ ಕಳಿಸ್ತು. ಹಾವೇರ್ಯಾಗ ಕಾಯಿಪಲ್ಯಾ ಮಾರೋರೊಬ್ರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟು ಅಂತ. ತಾಜಾ ಕಾಯಿಪಲ್ಯಾಕ್ಕ ಜಿಎಸ್‌ಟಿನ ಇಲ್ಲ! ಸುಮಾರು ಅಂಗಡಿಯೋರು ಕ್ಯೂಆರ್ ಹಾಳಿ ಕಿತ್ತು 'ನಗದು ಮಾತ್ರ' ಅಂತ ಬರ್ದ್ರು. ಆಮ್ಯಾಲ ಹಳೇ ಬಾಕಿ ವಸೂಲಿ ಮಾಡಂಗಿಲ್ಲ ಅಂತ ಮುಖ್ಯಮಂತ್ರಿ ಹೇಳಿದ್ರು. ಮಷಿನ್ ದುಡ್ಡು ನೋಡ್ತು, ದುಡ್ಡು ಯಾತರದ್ದು ಅಂತ ನೋಡ್ಲಿಲ್ಲ. ತಂಗಿ ಕೊಟ್ಟ ಕೈಸಾಲ, ಚೀಟಿ ದುಡ್ಡು, ವ್ಯಾಪಾರದ ರೊಕ್ಕ ಎಲ್ಲಾ ಅದಕ್ಕ ಒಂದ. ನಾವು ಬಿಡಿಸಿ ಬರಿಬೇಕು.

ಹಂಗಂತ ಫೋನು ಬಿಸಾಕ್ರಿ ಅಂತ ನಾ ಹೇಳಾಕ ಹತ್ತಿಲ್ಲ. ನಮ್ಮಜ್ಜಿ ಗ್ವಾಡಿ ಮ್ಯಾಲೆ ಇದ್ದಲಿಲೆ ಗೆರಿ ಎಳದು ಹಾಲಿನ ಲೆಕ್ಕ ಇಡ್ತಿದ್ರು. ಸುಣ್ಣ ಹೊಡ್ದಾಗ ಲೆಕ್ಕನೂ ಹೋಗ್ತಿತ್ತು. ಫೋನಿನ್ಯಾಗ ಹೋಗಂಗಿಲ್ಲ, ಅದು ಅನುಕೂಲನ. ಟ್ಯಾಲಿಯಾಗ ಕೂಲಿ ಬರಿಯಾಕ ಜಾಗನೂ ಐತಿ. ನಮ್ಮೋರು ತುಂಬಂಗಿಲ್ಲ, ಅಷ್ಟ. ಒಂದು ತರಬೇತ್ಯಾಗ ಪಾಠ ಹೇಳಾಕ ಬಂದಿದ್ದ ಹುಡುಗನಿಗೆ ನಾನು 'ನಮ್ಮ ಕೂಲಿ ಎಲ್ಲಿ ಬರಿಯೋದ್ರಿ' ಅಂತ ಕೇಳಿದ್ರ 'ಮೇಡಂ, ಅದು ನಿಮ್ಮ ಸ್ವಂತದ್ದಲ್ವಾ' ಅಂತ ನಕ್ಕ. ಸ್ವಂತದ್ದು ಅಂತನ ಕೇಳಿದ್ದು ನಾನು.

ಇನ್ನೊಂದು, ಫೋನು ಯಾರ ಹೆಸರಿನ್ಯಾಗ ಐತಿ ಅಂತ ನೋಡ್ಕೊಳ್ರಿ. ಬಡಿಯೋಕಿ ಒಬ್ಬಾಕಿ, ಲೆಕ್ಕ ಮಗನ ಫೋನಿನ್ಯಾಗ. ಕೆಲವು ಆ್ಯಪಿನ್ಯಾಗ ಲೆಕ್ಕದ ಮಗ್ಗಲಕ್ಕ ಸಾಲದ ಜಾಹೀರಾತು ಬರ್ತಾವ, ಅದೂ ಅವನಿಗೆ ಬರ್ತೈತಿ. ನಿರ್ಧಾರಕ್ಕ ಆಸರಾ ಕೊಟ್ಟಂಗ ಕೊಟ್ಟು, ನಿರ್ಧಾರ ಮಾಡೋರ್ನ ಬದ್ಲು ಮಾಡಿಬಿಡ್ತೈತಿ ಇದು. ಇದರ ಬಗ್ಗೆ ಇನ್ನೊಮ್ಮೆ ಬರೀತೀನಿ, ಬಾಳ ಐತಿ.

'ಕೂಲಿ ಹಾಕಿ ರೇಟ್ ಏರಿಸಿದ್ರ ಯಾರು ತಗೊಳ್ತಾರ' ಅಂತೀರಿ. ಕೆಲವ್ರು ತಗೊಳ್ಳಂಗಿಲ್ಲ, ಖರೇ. ಅತ್ತಿಗಿ ಒಂಬತ್ತು ರೂಪಾಯಿ ಅಂದಾಗ ಒಂದು ಖಾನಾವಳಿಯವ್ರು ಬಿಟ್ರು, ಎರಡು ಉಳಿದ್ವು. ಈಗ ನೂರು ಹೋಗಿ ಎಪ್ಪತ್ತು ರೊಟ್ಟಿ. ಹಿಟ್ಟು 175, ಗ್ಯಾಸು 42, ಕವರು ಪೆಟ್ರೋಲು ಮೊದ್ಲಿನಂಗ 40, ಒಟ್ಟು 257. ಬರೋದು 630. ಮೊದ್ಲು ನೂರು ಬಡಿದು 350 ಕೈಗೆ ಹತ್ತಿತ್ತು, ಈಗ ಎಪ್ಪತ್ತು ಬಡಿದು 373. ಎಪ್ಪತ್ತರ ಕೂಲಿ 259 ತಗದ್ರೂ 114 ಉಳೀತೈತಿ, ಅದನ್ನ ಮಷಿನ್ನಿಗೆ ಅಂತ ಬ್ಯಾರೆ ಎತ್ತಿಡ್ತಾರ. ಎಂಟು ಬಡಿಯೋದ್ರಾಗ ಹಂಚು ಇಳೀತೈತಿ. ಆ್ಯಪಿನ್ಯಾಗ 'ಕೂಲಿ, ಅತ್ತಿ' ಅಂತ ಒಂದು, 'ಕೂಲಿ, ಸೊಸಿ' ಅಂತ ಒಂದು, ಎರಡು ಹೊಸಾ ಖಾತಿ ತಗದಾರ. ಸೊಸಿದು ಅಕಿ ಫೋನಿಗೇ ಹೋಗ್ತೈತಿ.